ಒಂದು ಪ್ರಶ್ನೆ, ಹಲವು ಅಂಕಣಗಳ ಉತ್ತರ



ರೈಲು ನಿಲ್ದಾಣದ ಕೌಂಟರಿನಲ್ಲಿ ನೀವು ಕೇಳುವುದು ಒಂದೇ ಪ್ರಶ್ನೆ. ಕೈಗೆ ಬರುವ ಟಿಕೆಟ್ಟಿನಲ್ಲಾದರೋ ಬೋಗಿ, ಆಸನ, ದರ ಮೂರೂ ಇರುತ್ತವೆ. ಒಂದೊಂದಕ್ಕೂ ಬೇರೆ ಬೇರೆಯಾಗಿ ಸರತಿಯಲ್ಲಿ ನಿಂತರೆ, ಅಷ್ಟರಲ್ಲಿ ಆಸನ ಇನ್ನೊಬ್ಬರ ಪಾಲಾಗಬಹುದು! ಒಟ್ಟಿಗೆ ಇರಬೇಕಾದ ಮಾಹಿತಿ ಒಟ್ಟಿಗೇ ಬರಬೇಕು. ಈ ಸರಳ ಸಂಗತಿ ಕಂಪ್ಯೂಟರಿನ ದತ್ತಾಂಶ ಭಂಡಾರಗಳಿಗೆ ಒಲಿದ ಕಥೆ ಸ್ವಾರಸ್ಯವಾದದ್ದು.

1970ರಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಅವರು, ಮಾಹಿತಿಯನ್ನೆಲ್ಲ ಸಾಲು ಮತ್ತು ಅಂಕಣಗಳುಳ್ಳ ಕೋಷ್ಟಕಗಳಾಗಿ ಕಾಣುವ ಸಿದ್ಧಾಂತವನ್ನು ಮಂಡಿಸಿದರು. ಕೋಷ್ಟಕಗಳ ಮೇಲೆ ಯಾವ ಕ್ರಿಯೆ ನಡೆಸಿದರೂ ಸಿಗುವ ಫಲ ಮತ್ತೊಂದು ಕೋಷ್ಟಕವೇ ಎಂಬುದು ಅದರ ಸೊಗಸು. ಆದ್ದರಿಂದ ಒಂದು ಪ್ರಶ್ನೆಯ ಉತ್ತರವನ್ನೇ ಮುಂದಿನ ಪ್ರಶ್ನೆಗೆ ಆಧಾರವಾಗಿಸಬಹುದು.

ಕಾಲಕ್ರಮೇಣ ಲೆಕ್ಕ ಮಾಡುವ ವಿಧಾನಗಳನ್ನೂ ದತ್ತಾಂಶದ ಜೊತೆಯಲ್ಲೇ ಕೂಡಿಡುವ ಪದ್ಧತಿ ಬಂತು. ಇವೇ ಸ್ಟೋರ್ಡ್ ಫಂಕ್ಷನ್‌ಗಳು. ಶಾಲೆಯ ಗಣಿತದ ಫಂಕ್ಷನ್ನಿನಂತೆ ಇವು ಸಾಮಾನ್ಯವಾಗಿ ಒಂದೇ ಬೆಲೆಯನ್ನು ಹಿಂದಿರುಗಿಸುತ್ತಿದ್ದವು. ಮೂರು ಬೆಲೆ ಬೇಕಾದವರು ಮೂರು ಫಂಕ್ಷನ್ ಬರೆಯಬೇಕು. ಇಲ್ಲವೇ ಮೂರನ್ನೂ ಒಂದೇ ಅಕ್ಷರಮಾಲೆಯಾಗಿ ಪೋಣಿಸಿ, ಆಮೇಲೆ ಬಿಡಿಸಿಕೊಳ್ಳಬೇಕು. ಕಾಡ್ ಅವರ ಸೊಗಸಿನ ಸರಪಳಿ ಇಲ್ಲಿ ತುಂಡಾಗಿತ್ತು.

ಅದು ಮತ್ತೆ ಬೆಸೆದುಕೊಂಡ ಬಗೆಗೆ ಪೋಸ್ಟ್‌ಗ್ರೆಸ್ ಒಳ್ಳೆಯ ನಿದರ್ಶನ. ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ 1986ರಲ್ಲಿ ಆರಂಭವಾದ ಯೋಜನೆಯಿದು. ಇದರಿಂದ ಬೆಳೆದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ 7.3ನೆಯ ಆವೃತ್ತಿ 2002ರಲ್ಲಿ ಹೊರಬಂದಾಗ, ಹಲವು ಅಂಕಣ, ಹಲವು ಸಾಲುಗಳನ್ನು ಕೊಡುವ ಫಂಕ್ಷನ್ನನ್ನು ಪ್ರಶ್ನೆಯ 'ಫ್ರಮ್' ಭಾಗದಲ್ಲಿ ಕೋಷ್ಟಕದಂತೆಯೇ ಬಳಸುವುದು ಸುಲಭವಾಯಿತು. 2005ರ 8.1ನೆಯ ಆವೃತ್ತಿಯಲ್ಲಿ 'ಔಟ್' ಎಂಬ ಗುರುತಿನಿಂದ ಉತ್ತರದ ಅಂಕಣಗಳನ್ನು ಹೆಸರಿಸುವ ಅನುಕೂಲ ದೊರೆಯಿತು. 2009ರ 8.4ನೆಯ ಆವೃತ್ತಿ 'ರಿಟರ್ನ್ಸ್ ಟೇಬಲ್' ಎಂಬ ನೇರ ಬರವಣಿಗೆಯನ್ನು ತಂದಿತು. ಅಂಕಣಗಳ ಹೆಸರು ಮತ್ತು ಬಗೆ ಫಂಕ್ಷನ್ನಿನ ಶಿರೋಭಾಗದಲ್ಲೇ ಕಾಣುವಂತಾಯಿತು.

ಇಲ್ಲೊಂದು ಎಚ್ಚರಿಕೆಯ ಮಾತು. ಇಂತಹ ಫಂಕ್ಷನ್ನನ್ನು 'ಸೆಲೆಕ್ಟ್' ಪಟ್ಟಿಯಲ್ಲಿಟ್ಟು, ಚುಕ್ಕೆ ಮತ್ತು ನಕ್ಷತ್ರ ಚಿಹ್ನೆಯಿಂದ ಅಂಕಣಗಳನ್ನು ಬಿಡಿಸಿದರೆ, ಅದು ಅಂಕಣಕ್ಕೊಂದು ಬಾರಿಯಂತೆ ನಡೆಯಬಹುದು. ಹತ್ತು ಅಂಕಣವಿದ್ದರೆ ಹತ್ತು ಸಲ! ನಿಧಾನದ ಮಾತು ಹಾಗಿರಲಿ. ಫಂಕ್ಷನ್ ಆಸನವನ್ನೇ ಕಾಯ್ದಿರಿಸುವಂಥದ್ದಾದರೆ ಪರಿಣಾಮವೇನೆಂದು ನೀವೇ ಊಹಿಸಿ. 'ಫ್ರಮ್' ಭಾಗದಲ್ಲಿ ಸ್ವತಂತ್ರವಾಗಿ ಕರೆದರೆ ಒಮ್ಮೆ ಮಾತ್ರ ನಡೆದು, ಪೂರ್ಣ ಸಾಲನ್ನು ಒಪ್ಪಿಸುತ್ತದೆ.

ಕೋಷ್ಟಕವನ್ನು ಕೇಳಿದವರಿಗೆ ಕೋಷ್ಟಕವೇ ಸಿಗಬೇಕು. 1970ರ ಆ ಗಣಿತದ ಮಾತಿಗೆ ಫಂಕ್ಷನ್‌ಗಳೂ ಕೊನೆಗೆ ತಲೆಬಾಗಿದವು.