ಗೋಡೆಯ ಐದನೆಯ ತೂತು

ಊರಿನ ಚರಿತ್ರೆ ಬರೆಯುವವರು ಶಾಸನಗಳನ್ನು ಓದುತ್ತಾರೆ, ಕೋಟೆಯ ಕಲ್ಲುಗಳನ್ನು ಅಳೆಯುತ್ತಾರೆ. ಮನೆಯ ಗೋಡೆಗಳಲ್ಲಿರುವ ತೂತುಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಂತೆ ಕಾಣೆ. ಬೆಂಗಳೂರಿನ ಮಟ್ಟಿಗಂತೂ ಅವು ಒಳ್ಳೆಯ ದಾಖಲೆಗಳೆಂದು ನನ್ನ ಅಭಿಪ್ರಾಯ. ಹೆಸರಘಟ್ಟದ ನೀರು ಕೊಳವೆಗಳಲ್ಲಿ ನಗರಕ್ಕೆ ಬಂದದ್ದು ೧೮೯೬ರಲ್ಲಿ. ನಲ್ಲಿಗಾಗಿ ಕೊರೆದದ್ದು ಮೊದಲನೆಯ ತೂತು. ಶಿವನಸಮುದ್ರದ ವಿದ್ಯುಚ್ಛಕ್ತಿ ೧೯೦೫ರಲ್ಲಿ ಇಲ್ಲಿನ ಬೀದಿದೀಪಗಳನ್ನು ಹೊತ್ತಿಸಿ, ಅನಂತರ ಮೆಲ್ಲಮೆಲ್ಲನೆ ಮನೆಗಳನ್ನು ಹೊಕ್ಕಿತು, ಅದು ಎರಡನೆಯದು. ೧೯೪೮ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಹುಟ್ಟಿ, ಅದರ ನೆರೆಯ ಬಡಾವಣೆ ದೂರವಾಣಿನಗರವೆನಿಸಿತು. ಆದರೆ ಮನೆಯ ಗೋಡೆಗೆ ದೂರವಾಣಿಯ ತಂತಿ ಬರಬೇಕಾದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರೂ ಉಂಟು, ಅದು ಮೂರನೆಯದು. ೧೯೯೧ರ ಕೊಲ್ಲಿ ಯುದ್ಧದ ಸುಮಾರಿಗೆ ಮಹಡಿಯಿಂದ ಮಹಡಿಗೆ ಹಾರಿ ಬಂದ ಟೆಲಿವಿಷನ್ ಕೇಬಲು ನಾಲ್ಕನೆಯದನ್ನು ಕೊರೆಸಿತು. ಐದನೆಯದು ಎಲ್ಲಕ್ಕಿಂತ ಚಿಕ್ಕದು. ಅದರೊಳಗಿಂದ ಬರುವುದು ನೀರಲ್ಲ, ತಾಮ್ರವಲ್ಲ, ಗಾಜು.

ನಾನಿರುವುದು ಉಲ್ಲಾಳದಲ್ಲಿ. ರಾಣಿ ಅಬ್ಬಕ್ಕನ ಉಲ್ಲಾಳವೆಂದು ವಾಚಕರು ಭ್ರಮಿಸಬಾರದು. ಅದು ಮಂಗಳೂರಿನ ಬಳಿ ಕಡಲ ದಡದ್ದು. ನಮ್ಮದು ಬೆಂಗಳೂರಿನ ಪಶ್ಚಿಮಕ್ಕೆ, ಜ್ಞಾನಭಾರತಿಯಿಂದಾಚೆ, ಒಂದು ಕೆರೆಯನ್ನು ನೆಚ್ಚಿ ಬದುಕಿದ್ದ ಹಳ್ಳಿ. ೨೦೦೭ರಲ್ಲಿ ಮಹಾನಗರ ಪಾಲಿಕೆ ‘ಬೃಹತ್’ ಆದಾಗ ಅದರ ಮಡಿಲಿಗೆ ಸೇರಿತು. ಚಾಮರಾಜಪೇಟೆಯ ಹಳೆಯ ಮನೆಯೊಂದಕ್ಕೆ ನೂರು ವರ್ಷಗಳಲ್ಲಿ ಒಂದೊಂದಾಗಿ ಬಿದ್ದ ತೂತುಗಳು ಇಲ್ಲಿನ ಮನೆಗಳಿಗೆ ಒಂದೇ ತಲೆಮಾರಿನಲ್ಲಿ ಬಿದ್ದವು. ಮೂರನೆಯದು ಬೀಳದೆಯೇ ಐದನೆಯದು ಬಿದ್ದ ಮನೆಗಳೂ ಬೇಕಾದಷ್ಟಿವೆ. ದೂರವಾಣಿಯ ತಂತಿಯನ್ನು ಕಾಣದ ಗೋಡೆ ನೇರವಾಗಿ ಬೆಳಕಿನ ತಂತಿಯನ್ನು ಕಂಡಿತು.

ಬೆಳಕು ನೇರ ದಾರಿಯಲ್ಲೇ ನಡೆಯುತ್ತದೆಂದು ಶಾಲೆಯಲ್ಲಿ ಕಲಿತ ನಮಗೆ ಅದು ಎಳೆಯೊಳಗೆ ಬಳುಕಿ ಬರುತ್ತದೆಂಬುದು ವಿಚಿತ್ರವಾಗಿ ತೋರುವುದು ಸಹಜ. ಆದರೆ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕು ತಾನೂ ಬಾಗಿ ಸಾಗುವುದನ್ನು ಜಿನೀವಾದ ಕೊಲಾಡಾನ್ ೧೮೪೦ರ ದಶಕದಲ್ಲಿಯೇ ಸಭೆಯ ಮುಂದೆ ತೋರಿಸಿದ್ದ. ನಮ್ಮ ಪಂಜಾಬಿನ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹಾಪ್ಕಿನ್ಸ್ ಎಂಬ ವಿಜ್ಞಾನಿಯೊಡನೆ ಗಾಜಿನೆಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ೧೯೫೪ರಲ್ಲಿ ಲೇಖನ ಪ್ರಕಟಿಸಿದರು. ಅದೆಲ್ಲ ಮೊಳ ಮಾರುಗಳ ಮಾತು. ಮೈಲಿಗಟ್ಟಲೆ ಸಾಗಬೇಕಾದರೆ ಗಾಜು ಬೆಳಕನ್ನು ನುಂಗಬಾರದು. ನುಂಗುವುದು ಗಾಜಿನ ಸ್ವಭಾವವಲ್ಲ, ಅದರೊಳಗಿನ ಕಲ್ಮಷದ ದೋಷ. ಕಿಲೊಮೀಟರಿಗೆ ಇಪ್ಪತ್ತು ಡೆಸಿಬೆಲ್, ಅಂದರೆ ನೂರರಲ್ಲಿ ಒಂದು ಪಾಲು ಉಳಿದರೂ ಸಾಕು, ಕೆಲಸ ನಡೆದೀತು ಎಂದು ೧೯೬೬ರಲ್ಲಿ ವಾದಿಸಿದವರು ಚಾರ್ಲ್ಸ್ ಕಾವ್ ಮತ್ತು ಅವರ ಸಹೋದ್ಯೋಗಿ ಹಾಕ್‌ಹ್ಯಾಮ್. ಕಾವ್ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು ೨೦೦೯ರಲ್ಲಿ. ನಾಲ್ಕೇ ವರ್ಷದಲ್ಲಿ, ೧೯೭೦ರಲ್ಲಿ, ಅಮೆರಿಕದ ಕಾರ್ನಿಂಗ್ ಕಂಪೆನಿಯ ಮೂವರು ಅಂಥ ಗಾಜನ್ನು ಎಳೆದೇಬಿಟ್ಟರು. ಇಂದಿನ ಎಳೆಯಲ್ಲಿ ಒಂದು ಕಿಲೊಮೀಟರು ಸಾಗಿದ ಬೆಳಕು ನೂರಕ್ಕೆ ಐದರಷ್ಟೂ ಸವೆಯದೆ ಹೋಗಬಲ್ಲದು.

ಪುಸ್ತಕಗಳಲ್ಲಿ ಚರಿತ್ರೆ ಇಲ್ಲಿಗೆ ಮುಗಿದು, ಮುಂದೆ ಕಡಲ ತಳದ ಹಗ್ಗಗಳ ವರ್ಣನೆ ಮೊದಲಾಗುತ್ತದೆ. ಆದರೆ ನನಗೆ ಒಂದು ಪ್ರಶ್ನೆ. ಜಪಾನಿನ ಹಿಗಾಶಿ-ಇಕೋಮ ಎಂಬಲ್ಲಿ ೧೯೭೮ರಲ್ಲಿಯೇ ಸುಮಾರು ನೂರೈವತ್ತು ಮನೆಗಳಿಗೆ ಪ್ರಯೋಗಾರ್ಥವಾಗಿ ಗಾಜಿನೆಳೆ ಎಳೆದಿದ್ದರು. ಅಟ್ಲಾಂಟಿಕ್ ಸಾಗರವನ್ನು ಆ ಎಳೆ ೧೯೮೮ರಲ್ಲಿ ದಾಟಿತು. ಸಾಗರ ದಾಟಿದ್ದು ಬೀದಿಯ ಮೂಲೆಯಿಂದ ಪಡಸಾಲೆಗೆ ಬರಲು ಮತ್ತೆ ಇಪ್ಪತ್ತು ಮೂವತ್ತು ವರ್ಷ ಏಕೆ ತೆಗೆದುಕೊಂಡಿತು?

ಹಣದ ಮಾತು ಇದ್ದೇ ಇದೆ. ಆದರೆ ಬಹುಪಾಲು ಉತ್ತರ ಎಳೆಯ ತುದಿಯಲ್ಲಿದೆ. ತಾಮ್ರದ ತಂತಿಗಳೆರಡನ್ನು ಕೂಡಿಸಲು ಬೆರಳೆರಡು ಸಾಕು. ತಿರುಚಿದರೆ ಮಾತು ಹರಿಯುತ್ತದೆ. ಗಾಜಿನದು ಹಾಗಲ್ಲ. ಎಳೆಯ ದಪ್ಪ ೧೨೫ ಮೈಕ್ರಾನು, ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕು ನಡೆಯುವ ಒಳತಿರುಳು ಅದರಲ್ಲಿ ಒಂಬತ್ತೇ ಮೈಕ್ರಾನು, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಈ ತಿರುಳಿಗೆ ಆ ತಿರುಳು ಎದುರುಬದುರಾಗಿ ನಿಲ್ಲಬೇಕು. ಕೊಂಚ ವಾರೆಯಾದರೆ, ನಡುವೆ ಒಂದು ಕಣ ಧೂಳು ಕುಳಿತರೆ, ಬೆಳಕು ಅಲ್ಲೇ ಚೆಲ್ಲಿಹೋಗುತ್ತದೆ. ಅದೂ ಅಲ್ಲದೆ ಮನೆಯೆಂದರೆ ಮೂಲೆಗಳು. ಹಳೆಯ ಬಗೆಯ ಎಳೆಯನ್ನು ಮೂವತ್ತು ಮಿಲಿಮೀಟರಿಗಿಂತ ಚಿಕ್ಕ ತ್ರಿಜ್ಯಕ್ಕೆ ಬಾಗಿಸಿದರೆ ಬೆಳಕು ಸೋರುತ್ತಿತ್ತು; ಬಾಗಿಲ ಚೌಕಟ್ಟಿನ ಮೂಲೆಗೆ ಅಂಥ ಧಾರಾಳ ಎಲ್ಲಿಂದ ಬರಬೇಕು? ಹತ್ತು ಮಿಲಿಮೀಟರಿನ ಬಾಗನ್ನೂ ಸೈರಿಸಬಲ್ಲ ಎಳೆಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಮಾನಕ ಕಟ್ಟಿದ್ದು ೨೦೦೬ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, ೨೦೦೩ರಲ್ಲಿ, ಒಂದೇ ಎಳೆಯ ಬೆಳಕನ್ನು ಮೂವತ್ತೆರಡು, ಅರವತ್ತನಾಲ್ಕು ಮನೆಗಳಿಗೆ ಹಂಚುವ ಕ್ರಮಕ್ಕೂ ಮಾನಕ ಆಗಿತ್ತು. ಇದನ್ನು ಕೆರೆಯ ತೂಬಿಗೆ ಹೋಲಿಸಲು ಆಸೆಯಾಗುತ್ತದೆ. ಆದರೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ: ಮಾತೆಲ್ಲವೂ ಎಲ್ಲ ಮನೆಗೂ ಬರುತ್ತದೆ, ಪ್ರತಿ ಮನೆಯ ಪೆಟ್ಟಿಗೆಯೂ ತನ್ನದನ್ನಷ್ಟೇ ಬಿಡಿಸಿ ಓದುತ್ತದೆ, ಮರುಮಾತು ಹೇಳಬೇಕಾದಾಗ ಸರದಿ ಕಾಯುತ್ತದೆ. ಮನುಷ್ಯರ ಸಭೆಗಳಲ್ಲಿ ಇಂಥ ಶಿಸ್ತನ್ನು ನಾನು ಕಂಡಿಲ್ಲ.

ನಮ್ಮ ಬೀದಿಗೆ ಮೊದಲು ಬಂದದ್ದು ಅರ್ಧ ಗಾಜು. ಮೂಲೆಯ ಪೆಟ್ಟಿಗೆಯವರೆಗೆ ಗಾಜು, ಅಲ್ಲಿಂದ ಮನೆಗೆ ತಾಮ್ರ. ಏಪ್ರಿಲ್ ಮೇ ತಿಂಗಳ ಗುಡುಗುಮಳೆಗೆ ಆ ಪೆಟ್ಟಿಗೆಗಳು ಸುಡುತ್ತಿದ್ದವು. ಸಿಡಿಲಿಗೆ ತಾಮ್ರ ರಾಜಮಾರ್ಗ. ೨೦೨೦ರ ಮಾರ್ಚಿ ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಕಚೇರಿ ಶಾಲೆಗಳೆರಡೂ ಆ ಸಣ್ಣ ತೂತಿನಲ್ಲೇ ತೂರಿ ಬರಬೇಕಾಯಿತು. ದೂರಸಂಪರ್ಕದ ಕೆಲಸಕ್ಕೆ ದಿಗ್ಬಂಧನದಿಂದ ವಿನಾಯಿತಿ ಇತ್ತು. ನಮ್ಮ ಮನೆಗೆ ಪೂರ್ತಿ ಗಾಜು ಬಂದದ್ದು ಆ ವರ್ಷದ ಮಳೆಗಾಲದಲ್ಲಿ.

ಇಬ್ಬರು ಹುಡುಗರು ಬಂದಿದ್ದರು, ಮುಖಕ್ಕೆ ವಸ್ತ್ರ ಕಟ್ಟಿಕೊಂಡು. ಒಬ್ಬ ಏಣಿಯ ಮೇಲಿಂದ ಚಪ್ಪಟೆಯಾದ ಕರಿಯ ಹಗ್ಗವನ್ನು ಒಳಕ್ಕೆ ತೂರಿಸಿದ. ತೂತನ್ನು ಹೊರಗಡೆಗೆ ಇಳಿಜಾರಾಗಿ ಕೊರೆದು, ಹೊಗುವ ಮುನ್ನ ಹಗ್ಗವನ್ನು ಕೊಂಚ ಜೋಲುಬಿಟ್ಟಿದ್ದ. ಮಳೆಯ ಹನಿ ಅಲ್ಲಿಂದಲೇ ತೊಟ್ಟಿಕ್ಕಲಿ, ಒಳಗೆ ಬಾರದಿರಲಿ ಎಂದು. ಇನ್ನೊಬ್ಬ ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಹೊರ ತೊಗಲು ಸುಲಿದು, ಒಳಲೇಪವನ್ನೂ ಕೆರೆದು, ಬರಿ ಗಾಜನ್ನು ಮದ್ಯಸಾರದಲ್ಲಿ ಒರೆಸಿದ. ಗಾಜನ್ನು ಕತ್ತರಿಸುವುದಿಲ್ಲ, ವಜ್ರದಂಥ ಗಟ್ಟಿ ಅಲಗಿನಿಂದ ಗೀರಿ, ಬಗ್ಗಿಸಿ, ತುಂಡರಿಸುತ್ತಾರೆ, ಮೊಗ ಕನ್ನಡಿಯಂತೆ ನುಣುಪಾಗಲೆಂದು. ಸಿಡಿದ ಚೂರನ್ನು ಬೆರಳಿಗೆ ತಾಗಿಸದೆ ಎತ್ತಿ ಒಂದು ಸೀಸೆಯಲ್ಲಿ ಹಾಕಿದ. ಅದು ಚರ್ಮದೊಳಗೆ ಹೊಕ್ಕರೆ ಹುಡುಕಿ ತೆಗೆಯುವುದು ಕಷ್ಟ, ಕಣ್ಣಿಗೆ ಬಿದ್ದರೆ ಹೇಳುವುದೇ ಬೇಡ. ಬೆಸುಗೆಯ ಯಂತ್ರದಲ್ಲಿ ಎರಡು ತುದಿಗಳನ್ನು ಎದುರಿಟ್ಟ. ಪುಟ್ಟ ಪರದೆಯ ಮೇಲೆ ಅವು ಎರಡು ತೊಲೆಗಳಂತೆ ಕಂಡವು, ತಾವೇ ಸರಿದು ಸಮನಾದವು. ಒಂದು ಕಿಡಿ ಮಿಂಚಿತು, ತೊಲೆ ಒಂದಾಯಿತು. ಯಂತ್ರ ಹೇಳಿದ ನಷ್ಟ ೦.೦೨ ಡೆಸಿಬೆಲ್.

ಅದರ ತುದಿಗೆ ಹಸಿರು ಮೂತಿ. ಹಸಿರೇಕೆ ಎಂದು ಕೇಳಿದೆ. ಅದರ ಮೊಗವನ್ನು ಎಂಟು ಡಿಗ್ರಿ ಓರೆಯಾಗಿ ಮಸೆದಿರುತ್ತಾರಂತೆ, ತಿರುಗಿ ಚಿಮ್ಮಿದ ಬೆಳಕು ಬಂದ ದಾರಿಯಲ್ಲೇ ಹೋಗಿ ಮೂಲವನ್ನು ಕೆಣಕದಿರಲೆಂದು; ನೀಲಿಯದು ನೇರ, ಎರಡನ್ನೂ ಸೇರಿಸಬಾರದು. ನಾನು ಆ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಹೋದಾಗ ಕೈ ತಡೆದ. ಕಾಣಿಸದ ಬೆಳಕು ಅದು. ಕಾಣಿಸದೆ ಕಣ್ಣನ್ನು ಕೆಡಿಸಬಲ್ಲದು. ಕಡೆಗೆ ಮೀಟರು ಹಚ್ಚಿದ: ಋಣ ೧೯.೨. ಈ ಲೆಕ್ಕದಲ್ಲಿ ಪ್ರತಿ ಮೂರು ಅಂಶ ಇಳಿದರೆ ಬೆಳಕು ಅರ್ಧವಾಗುತ್ತದೆ. ಇಪ್ಪತ್ತೇಳರ ಕೆಳಗೆ ಪೆಟ್ಟಿಗೆ ಕುರುಡು. ಹತ್ತೊಂಬತ್ತೆಂದರೆ ಮಿಲಿವಾಟಿನ ಎಂಬತ್ತನೆಯ ಒಂದು ಪಾಲು. ಅಷ್ಟರಲ್ಲಿ ಮಗಳ ಕಚೇರಿ, ಮೊಮ್ಮಗನ ಪಾಠ, ಎಲ್ಲವೂ ನಡೆಯಬೇಕು, ನಡೆಯಿತು.

ನನ್ನ ಚಿಂತೆ ಬೇರೆ. ಹೆಸರಘಟ್ಟದ ಕೊಳವೆಗಳಿಗೂ ಶಿವನಸಮುದ್ರದ ತಂತಿಗಳಿಗೂ ಸಂಸ್ಥಾನದ ಆಡಳಿತ ವರದಿಗಳುಂಟು. ಚರಿತ್ರೆಕಾರ ಕಡತ ಬಿಚ್ಚಿ ಓದಬಹುದು. ಗಾಜಿನೆಳೆಯನ್ನು ಎಳೆದದ್ದು ಹಲವು ಕಂಪೆನಿಗಳು, ಅವುಗಳ ಗುತ್ತಿಗೆದಾರರು, ಅವರ ಒಳಗುತ್ತಿಗೆದಾರರು. ಬೀದಿಯ ಮರಕ್ಕೂ ಕಂಬಕ್ಕೂ ಜೋತುಬಿದ್ದ ಕರಿ ಹಗ್ಗಗಳಲ್ಲಿ ಯಾವುದು ಯಾರದೆಂದು ಬಲ್ಲವನು ಏಣಿ ಹತ್ತುವ ಹುಡುಗನೊಬ್ಬನೇ, ಅವನೂ ಆರು ತಿಂಗಳಿಗೆ ಬೇರೆ ಕಡೆ ಹೋಗುತ್ತಾನೆ. ಹಗ್ಗಗಳ ಹೆಸರುಚೀಟಿ ಎರಡು ಬೇಸಗೆಗೆ ಬೆಳ್ಳಗಾಗುತ್ತದೆ. ರಸ್ತೆ ಅಗೆಯುವವನ ಹಾರೆಗೆ ಆ ಚರಿತ್ರೆ ಗೊತ್ತಿಲ್ಲ. ಕಂಬ ಶುದ್ಧಮಾಡಲು ಬಂದವನ ಕತ್ತರಿಗೂ ಗೊತ್ತಿಲ್ಲ.

ಇದಕ್ಕೆ ಒಂದು ಅಪವಾದವನ್ನು ಮಾತ್ರ ನಾನು ಬಲ್ಲೆ. ಗೋಡೆಗೆ ಮೊಳೆ ಹೊಡೆದ ಬಿಳಿ ಪೆಟ್ಟಿಗೆಯಲ್ಲಿ ಮಿಕ್ಕ ಎಳೆಯನ್ನು ಸುರುಳಿ ಸುತ್ತಿಟ್ಟ ಮೇಲೆ, ಆ ಹುಡುಗ ಮುಚ್ಚಳದ ಒಳಮೈಗೆ ಮಸಿಯ ಲೇಖನಿಯಿಂದ ತಾರೀಖನ್ನೂ ಮೀಟರಿನ ಅಂಕಿಯನ್ನೂ ಬರೆದ. ಮುಂದೆ ಬರುವವನಿಗೆ ಬೇಕಾಗುತ್ತದೆ ಎಂದ. ೨೦೨೨ರಲ್ಲಿ ಸಂಪರ್ಕ ಆಗಾಗ ಕಡಿಯತೊಡಗಿದಾಗ ಬೇರೊಬ್ಬ ಬಂದ. ಮುಚ್ಚಳ ತೆರೆದು ಮೊದಲು ಅದನ್ನೇ ಓದಿದ. ಮೀಟರು ೨೬.೮ ತೋರಿಸಿತು. ಹತ್ತೊಂಬತ್ತಿದ್ದದ್ದು ಇಲ್ಲಿಗೆ ಬಂದಿದ್ದರೆ ದಾರಿಯಲ್ಲೆಲ್ಲೋ ಮುರಿ ಬಿದ್ದಿರಬೇಕೆಂದು ಮಹಡಿ ಹತ್ತಿ ಹುಡುಕಿ, ನೀರಿನ ತೊಟ್ಟಿಯ ಕಾಲಿನಡಿ ಸಿಕ್ಕಿಕೊಂಡಿದ್ದ ಹಗ್ಗವನ್ನು ಬಿಡಿಸಿದ. ತನ್ನ ತಾರೀಖಿನ ಮುಂದೆ ೧೯.೬ ಎಂದು ಬರೆದು ಮುಚ್ಚಳ ಹಾಕಿದ.