ಹಗೆ ಮುಗಿಯಲಿ, ವಾದ ಉಳಿಯಲಿ

2014ರ ಆಗಸ್ಟ್ 22ರಂದು ಕನ್ನಡದ ಲೇಖಕ ಯು.ಆರ್. ಅನಂತಮೂರ್ತಿ ಬೆಂಗಳೂರಿನಲ್ಲಿ ತೀರಿಕೊಂಡರು. ಮರುದಿನ ರವೀಂದ್ರ ಕಲಾಕ್ಷೇತ್ರದಲ್ಲಿ ಅಂತಿಮ ದರ್ಶನಕ್ಕೆ ಜನ ಸಾಲುಗಟ್ಟಿ ನಿಂತರು. ಕಲಾಗ್ರಾಮದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಇತ್ತ ಮಂಗಳೂರಿನಲ್ಲಿ, ಚಿಕ್ಕಮಗಳೂರಿನಲ್ಲಿ ಕೆಲವು ಸಂಘಟನೆಗಳ ಕಾರ್ಯಕರ್ತರು ಪಟಾಕಿ ಹೊಡೆದು ಸಂಭ್ರಮಿಸಿದರು. ಅದಕ್ಕೆ ಹಿಂದಿನ ವರ್ಷ ಅನಂತಮೂರ್ತಿ ಆಡಿದ ಒಂದು ಮಾತು ಕಾರಣ. ನರೇಂದ್ರ ಮೋದಿ ಪ್ರಧಾನಿಯಾದರೆ ಆ ದೇಶದಲ್ಲಿ ಬದುಕಲು ತನಗೆ ಇಷ್ಟವಿಲ್ಲವೆಂದು ಅವರು ಹೇಳಿದ್ದರು. ಅದು ಭಾವಾವೇಶದಲ್ಲಿ ಬಂದ ಮಾತು ಎಂದು ಆಮೇಲೆ ಅವರೇ ಒಪ್ಪಿಕೊಂಡರೂ ಸಿಟ್ಟು ತಣಿಯಲಿಲ್ಲ. ಬೆದರಿಕೆಯ ಕರೆಗಳು ಬಂದು ಮನೆಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಆ ಮಾತು ಯಾರ ಕುರಿತಾಗಿತ್ತೋ ಆ ಪ್ರಧಾನಿ ಅವರ ಸಾವನ್ನು ಕನ್ನಡ ಸಾಹಿತ್ಯದ ನಷ್ಟವೆಂದು ಕರೆದು ಸಂತಾಪ ಸೂಚಿಸಿದರು. ಬೀದಿಯಲ್ಲಿ ಮಾತ್ರ ಪಟಾಕಿ ಸಿಡಿಯಿತು. ಈ ಅಂತರಕ್ಕೆ ಒಂದು ಇತಿಹಾಸವಿದೆ. ವಿವಾದಿತ ಲೇಖಕನ ಸಾವನ್ನು ಸಮಾಜ ಹೇಗೆ ಎದುರುಗೊಳ್ಳಬೇಕೆಂಬ ಹಳೆಯ ರೂಢಿಯೊಂದು ನಮ್ಮ ಕಾಲದಲ್ಲಿ ಹೇಗೆ ಮುರಿಯಿತು ಎಂಬುದು ಆ ಇತಿಹಾಸದಿಂದ ತಿಳಿಯುತ್ತದೆ.

ಸಾವಿನೊಂದಿಗೆ ವೈರ ಮುಗಿಯಿತು ಎಂಬುದು ನಮ್ಮಲ್ಲಿ ಬಹಳ ಹಳೆಯ ತಿಳಿವಳಿಕೆ. ರಾಮಾಯಣದ ಯುದ್ಧಕಾಂಡದಲ್ಲಿ ರಾವಣ ಬಿದ್ದ ಮೇಲೆ ಅವನ ಉತ್ತರಕ್ರಿಯೆ ಮಾಡಲು ವಿಭೀಷಣ ಹಿಂಜರಿಯುತ್ತಾನೆ. ಧರ್ಮ ಬಿಟ್ಟವನಿಗೆ ಸಂಸ್ಕಾರವೇಕೆ ಎಂಬುದು ಅವನ ವಾದ. ವೈರ ಸಾವಿಗೇ ಕೊನೆಗೊಂಡಿತು, ಈಗ ಇವನು ನಿನಗೆ ಹೇಗೋ ನನಗೂ ಹಾಗೆಯೇ ಎಂದು ರಾಮ ಅವನನ್ನು ಒಪ್ಪಿಸುತ್ತಾನೆ. ಈ ಪ್ರಸಂಗವನ್ನು ನೆನೆಯುವವರು ಸಾಮಾನ್ಯವಾಗಿ ಅದರ ಅರ್ಧವನ್ನಷ್ಟೇ ನೆನೆಯುತ್ತಾರೆ. ರಾವಣನ ಶೌರ್ಯವನ್ನು ರಾಮ ಮೆಚ್ಚುತ್ತಾನೆ, ಆದರೆ ಅವನು ಮಾಡಿದ್ದು ಸರಿಯೆಂದು ಎಲ್ಲಿಯೂ ಹೇಳುವುದಿಲ್ಲ. ಸತ್ತವನಿಗೆ ಸಲ್ಲಬೇಕಾದ ಮರ್ಯಾದೆಯೇ ಬೇರೆ, ಅವನ ನಡತೆಯ ಕುರಿತ ತೀರ್ಮಾನವೇ ಬೇರೆ. ಇವೆರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದೇ ಆ ರೂಢಿಯ ವಿವೇಕ. ಹಗೆ ಮುಗಿದರೆ ಮಾತ್ರ ತೀರ್ಮಾನಕ್ಕೆ ಬೇಕಾದ ಸಮಚಿತ್ತ ಬರುತ್ತದೆ.

ಈ ರೂಢಿ ಹಿಂದೆಯೂ ಮುರಿದದ್ದಿದೆ. ಆದರೆ ಆಗ ಮುರಿಯುತ್ತಿದ್ದವರು ಮೇಲೆ ಕುಳಿತವರು. 1778ರ ಮೇ 30ರಂದು ಪ್ಯಾರಿಸ್ಸಿನಲ್ಲಿ ವೋಲ್ತೇರ್ ತೀರಿಕೊಂಡಾಗ ಅವನ ಹೆಣ ಮಣ್ಣು ಮಾಡಲು ಅಲ್ಲಿನ ಚರ್ಚು ಒಪ್ಪಲಿಲ್ಲ. ಮನೆಯವರು ಹೆಣಕ್ಕೆ ಬಟ್ಟೆ ತೊಡಿಸಿ, ಜೀವಂತ ಮನುಷ್ಯನಂತೆ ಗಾಡಿಯಲ್ಲಿ ಕೂರಿಸಿ, ರಾತ್ರೋರಾತ್ರಿ ಶಾಂಪೇನ್ ಪ್ರಾಂತದ ಸೆಲಿಯೇರ್ ಮಠಕ್ಕೆ ಸಾಗಿಸಿದರು. ಸಮಾಧಿ ಮಾಡಕೂಡದೆಂಬ ಬಿಷಪ್ಪನ ಅಪ್ಪಣೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಕೆಲಸ ಮುಗಿದಿತ್ತು. ಹದಿಮೂರು ವರ್ಷಗಳ ನಂತರ, 1791ರಲ್ಲಿ, ಅದೇ ಪ್ಯಾರಿಸ್ಸಿನ ಜನ ಅವನ ಅವಶೇಷಗಳನ್ನು ಭಾರಿ ಮೆರವಣಿಗೆಯಲ್ಲಿ ತಂದು ಪ್ಯಾಂಥಿಯನ್‌ನಲ್ಲಿಟ್ಟರು. ರಷ್ಯಾದಲ್ಲೂ ಹೀಗೆಯೇ ಆಯಿತು. ಅಲ್ಲಿನ ಚರ್ಚು 1901ರಲ್ಲಿ ಬಹಿಷ್ಕರಿಸಿದ್ದ ಟಾಲ್‌ಸ್ಟಾಯ್ 1910ರಲ್ಲಿ ತೀರಿಕೊಂಡಾಗ ಪಾದ್ರಿಗಳು ಯಾರೂ ವಿಧಿ ನಡೆಸಲಿಲ್ಲ. ಆದರೂ ಯಾಸ್ನಯ ಪೊಲ್ಯಾನದಲ್ಲಿ ಸಾವಿರಾರು ಜನ ಅವನ ಶವದ ಹಿಂದೆ ನಡೆದರು. ಎರಡೂ ಕಡೆ ಸಂಸ್ಕಾರ ನಿರಾಕರಿಸಿದ್ದು ಪೀಠ, ಲೇಖಕನ ಪರವಾಗಿ ನಿಂತದ್ದು ಬೀದಿ.

ಅನಂತಮೂರ್ತಿಯವರ ಮೊದಲ ಕಾದಂಬರಿಯ ಲೋಕವೂ ಇದೇ. 1965ರಲ್ಲಿ ಪ್ರಕಟವಾದ ‘ಸಂಸ್ಕಾರ’ದಲ್ಲಿ ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿದ ನಾರಣಪ್ಪನ ಹೆಣಕ್ಕೆ ಬೆಂಕಿ ಕೊಡಲು ಅಗ್ರಹಾರ ಹಿಂದೇಟು ಹಾಕುತ್ತದೆ, ಪ್ರಾಣೇಶಾಚಾರ್ಯ ಉತ್ತರಕ್ಕಾಗಿ ಗ್ರಂಥಗಳನ್ನು ಹುಡುಕುತ್ತಾನೆ. ಕೊನೆಗೆ ಹೆಣ ಸುಡುವ ಏರ್ಪಾಟು ಮಾಡುವವಳು ಚಂದ್ರಿ, ಅವಳಿಗೆ ನೆರವಾಗುವವನು ಒಬ್ಬ ಮುಸ್ಲಿಂ ವ್ಯಾಪಾರಿ. ಅಧಿಕಾರವುಳ್ಳ ಸಂಸ್ಥೆ ಕಠಿಣವಾದಾಗ ಸಾಮಾನ್ಯರ ಕರುಣೆ ಮುಂದೆ ಬರುತ್ತದೆ ಎಂಬ ನಂಬಿಕೆಯನ್ನು ಈ ಕಥೆಯ ತಳದಲ್ಲಿ ಕಾಣಬಹುದು. ಇದನ್ನು ಬರೆದವರು ತೀರಿಕೊಂಡಾಗ ಮಾತ್ರ ಪಾತ್ರಗಳು ಅದಲುಬದಲಾದವು. ಸರ್ಕಾರ ಗೌರವ ಸಲ್ಲಿಸಿತು, ಕುಟುಂಬ ವಿಧಿ ನೆರವೇರಿಸಿತು, ಯಾವ ಪೀಠವೂ ಅಡ್ಡ ಬರಲಿಲ್ಲ. ನಿರಾಕರಣೆ ಬಂದದ್ದು ಬೀದಿಯಿಂದ. ಇದು ಸಣ್ಣ ಬದಲಾವಣೆಯಲ್ಲ. ಬಿಷಪ್ಪನ ಅಪ್ಪಣೆಯನ್ನು ಹದಿಮೂರು ವರ್ಷಗಳಲ್ಲಿ ಒಂದು ಶಾಸನಸಭೆ ಅಳಿಸಿಹಾಕಬಹುದು. ಯಾರ ಸಹಿಯೂ ಇಲ್ಲದ ಗುಂಪಿನ ತೀರ್ಪನ್ನು ರದ್ದು ಮಾಡಲು ಯಾವ ಮೇಲಿನ ನ್ಯಾಯಾಲಯವೂ ಇಲ್ಲ.

ಹೀಗಾಗಲು ಒಂದು ಮುಖ್ಯ ಕಾರಣ, ಲೇಖಕನ ಬರಹಕ್ಕೂ ಅವನ ಹೇಳಿಕೆಗೂ ನಡುವೆ ಬೆಳೆದ ದೂರ. ವೋಲ್ತೇರನನ್ನು ದ್ವೇಷಿಸಿದ ಪಾದ್ರಿಗಳಿಗೆ ಅವನ ಪುಸ್ತಕಗಳ ಪರಿಚಯವಿತ್ತು. ಅನಂತಮೂರ್ತಿಯವರ ಮೇಲಿನ ಸಿಟ್ಟು ಹೆಚ್ಚಾಗಿ ಟಿವಿಯಲ್ಲಿ ಮತ್ತೆ ಮತ್ತೆ ಬಂದ ಒಂದು ವಾಕ್ಯದ ಮೇಲಿನ ಸಿಟ್ಟು. ಸಂದರ್ಭದಿಂದ ಕಿತ್ತ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇನ್ನೊಂದು ದುರಂತ ಸಾಕ್ಷಿಯಿದೆ. ಚಂದ್ರಗುತ್ತಿ ದೇವಸ್ಥಾನದ ಬೆತ್ತಲೆ ಸೇವೆಯ ಹಿನ್ನೆಲೆಯಲ್ಲಿ ಅನಂತಮೂರ್ತಿ 1990ರ ದಶಕದಲ್ಲಿ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಎಂಬ ಬರಹ ಬರೆದರು. ಅದರಲ್ಲಿ ಬರುವ ಬಾಲ್ಯದ ಪ್ರಸಂಗವೊಂದನ್ನು 2014ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಭಾಷಣದಲ್ಲಿ ಉದಾಹರಿಸಿದರು. ಕೂಡಲೇ ಇಬ್ಬರ ವಿರುದ್ಧವೂ ಪ್ರತಿಭಟನೆ, ದೂರು ಶುರುವಾದವು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲೇ ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ಆಗ ಬಂಟ್ವಾಳದ ಕಾರ್ಯಕರ್ತನೊಬ್ಬ ಅನಂತಮೂರ್ತಿಯವರ ಸಾವನ್ನೂ ಕಲಬುರ್ಗಿಯವರ ಕೊಲೆಯನ್ನೂ ಒಂದೇ ಉಸಿರಿನಲ್ಲಿ ಸ್ವಾಗತಿಸಿ ಟ್ವಿಟರ್‌ನಲ್ಲಿ ಬರೆದು ಬಂಧನಕ್ಕೊಳಗಾದ. ಕಾಯಿಲೆಯಿಂದ ಬಂದ ಸಾವಿಗೂ ಕೊಲೆಗೂ ಇರುವ ವ್ಯತ್ಯಾಸ ಅಳಿಸಿಹೋದದ್ದು ಇಲ್ಲಿ. ಪಟಾಕಿ ಹೊಡೆದವರೆಲ್ಲ ಕೊಲೆಗಡುಕರಲ್ಲ, ಹಾಗೆ ಹೇಳುವುದು ಅನ್ಯಾಯ. ಆದರೆ ಒಬ್ಬ ಲೇಖಕನ ಸಾವು ಸಂತೋಷದ ಸುದ್ದಿಯೆಂದು ಬೀದಿಯಲ್ಲಿ ಸಾರುವುದು ರೂಢಿಯಾದರೆ, ಮುಂದಿನ ಲೇಖಕನ ಸಾವನ್ನು ಬಯಸುವುದಕ್ಕೆ ನಾಚಿಕೆಯ ತಡೆ ಉಳಿಯುವುದಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಅನಂತಮೂರ್ತಿಯವರೇನು ಮೆದು ಮಾತಿನವರೇ ಎಂಬುದು ಮೊದಲನೆಯದು. 2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಕಾದಂಬರಿ ಬಂದಾಗ ಅವರು ಆಡಿದ ಮಾತುಗಳು ಕಟುವಾಗಿದ್ದವು, ನ್ಯಾಯದ ಅಳತೆಯನ್ನು ಮೀರಿದ್ದವು ಎಂದು ಅನೇಕ ಓದುಗರಿಗೆ ಅನ್ನಿಸಿತು. ಅದನ್ನು ಮರೆಸಬೇಕಾಗಿಲ್ಲ. ಆದರೆ ಕಟುಮಾತಿಗೆ ಕಟುಮಾತೇ ಉತ್ತರವಾಗಬೇಕು, ಆ ಉತ್ತರ ಆಗ ಧಾರಾಳವಾಗಿ ಬಂದಿತ್ತು ಕೂಡ. ಪಟಾಕಿಯೂ ಒಂದು ಅಭಿವ್ಯಕ್ತಿ, ಅದರ ಮೇಲೆ ಕೇಸು ಹಾಕುವವರು ಯಾವ ಬಾಯಲ್ಲಿ ಸ್ವಾತಂತ್ರ್ಯದ ಮಾತಾಡುತ್ತಾರೆ ಎಂಬುದು ಎರಡನೆಯದು. ಇದರಲ್ಲಿ ಹುರುಳಿದೆ. ಬೆದರಿಕೆ ಇಲ್ಲದ ಕಡೆ ಕಾನೂನು ಕೈ ಹಾಕದಿರುವುದೇ ಲೇಸು. ಆದರೆ ಕಾನೂನು ತಡೆಯದ ಎಲ್ಲವೂ ಮರ್ಯಾದೆಯ ನಡೆಯಾಗುವುದಿಲ್ಲ. ಅದನ್ನು ತಪ್ಪೆಂದು ಹೇಳುವ ಹೊಣೆ ಪೊಲೀಸರಿಗಿಂತ ಹೆಚ್ಚಾಗಿ ಪಟಾಕಿ ಹೊಡೆದವರದೇ ವಿಚಾರಧಾರೆಯ ಹಿರಿಯರದು.

ಮೂರನೆಯ ಆಕ್ಷೇಪ ಎದುರು ದಿಕ್ಕಿನಿಂದ, ಲೇಖಕನನ್ನು ಪ್ರೀತಿಸುವವರಿಂದ ಬರುತ್ತದೆ. ಸತ್ತವರು ಉತ್ತರ ಕೊಡಲಾರರು, ಆದ್ದರಿಂದ ಅವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ ಅವರು. ಅಕ್ಕಪಕ್ಕದ ಮನೆಯವರ ವಿಷಯದಲ್ಲಿ ಇದು ಸರಿ, ಲೇಖಕರ ವಿಷಯದಲ್ಲಿ ಸಲ್ಲದು. ಲೇಖಕನ ಪುಸ್ತಕಗಳು ಅವನ ಪರವಾಗಿ ಉತ್ತರಿಸುತ್ತಲೇ ಇರುತ್ತವೆ. ಸಾವರ್ಕರ್ ಮತ್ತು ಗಾಂಧಿಯವರ ವಿಚಾರಗಳನ್ನು ಎದುರುಬದುರು ಇಟ್ಟ ಅನಂತಮೂರ್ತಿಯವರ ‘ಹಿಂದುತ್ವ ಅಥವಾ ಹಿಂದ್ ಸ್ವರಾಜ್’ ಅವರು ತೀರಿಕೊಂಡ ಮೇಲೆಯೇ ಪ್ರಕಟವಾಯಿತು. ಭಾವಾವೇಶದ ಒಂದು ವಾಕ್ಯದ ಹಿಂದಿದ್ದ ಯೋಚನೆಯೆಲ್ಲ ಅಲ್ಲಿದೆ. ಆ ಪುಸ್ತಕವನ್ನು ಓದಿ, ಸಾವರ್ಕರರಿಗೆ ಅನಂತಮೂರ್ತಿ ನ್ಯಾಯ ಸಲ್ಲಿಸಿಲ್ಲ ಎಂದು ಒಬ್ಬರು ಪುಟಪುಟವಾಗಿ ವಾದಿಸಿದರೆ, ತುಂಬಲಾರದ ನಷ್ಟ ಎಂಬ ನೂರು ಹೇಳಿಕೆಗಳಿಗಿಂತ ಅದು ದೊಡ್ಡ ಗೌರವ. ಶ್ರದ್ಧಾಂಜಲಿ ಸಭೆಗಳ ಏಕತಾನದ ಹೊಗಳಿಕೆ ಲೇಖಕನ ಮೊನಚನ್ನು ಮೊಂಡು ಮಾಡಿ, ಅವನನ್ನು ಓದದೆಯೇ ಪೂಜಿಸುವ ಅನುಕೂಲ ಮಾಡಿಕೊಡುತ್ತದೆ. 2019ರ ಜೂನ್ 10ರಂದು ತೀರಿಕೊಂಡ ನಾಟಕಕಾರ ಗಿರೀಶ ಕಾರ್ನಾಡರು ಸರ್ಕಾರಿ ಗೌರವ, ಮೆರವಣಿಗೆ, ಧಾರ್ಮಿಕ ವಿಧಿ ಯಾವುದೂ ಬೇಡವೆಂದು ತಿಳಿಸಿಟ್ಟಿದ್ದರು. ಬರಹವನ್ನು ಬಿಟ್ಟು ಉಳಿದುದನ್ನು ದೂರವಿಟ್ಟ ಆ ನಿರ್ಧಾರಕ್ಕೆ ಘನತೆಯಿತ್ತು.

ಹಗೆಯಿಲ್ಲದ ಭಿನ್ನಮತಕ್ಕೆ ಮಾದರಿಯನ್ನು ನಾವು ಹೊರಗೆ ಹುಡುಕಬೇಕಾಗಿಲ್ಲ. ಕವಿ ಗೋಪಾಲಕೃಷ್ಣ ಅಡಿಗರು 1971ರ ಲೋಕಸಭಾ ಚುನಾವಣೆಯಲ್ಲಿ ಜನಸಂಘದ ಬೆಂಬಲದಿಂದ ಸ್ಪರ್ಧಿಸಿ ಸೋತರು. ಲೋಹಿಯಾವಾದಿಯಾದ ಅನಂತಮೂರ್ತಿಗೆ ಆ ರಾಜಕೀಯ ಒಪ್ಪಿಗೆಯಾಗುವಂಥದ್ದಲ್ಲ. ಆದರೂ 1992ರಲ್ಲಿ ಅಡಿಗರು ತೀರಿಕೊಂಡ ಮೇಲೆಯೂ ಅವರನ್ನು ತನ್ನ ಕಾಲದ ದೊಡ್ಡ ಕವಿಯೆಂದೇ ಅನಂತಮೂರ್ತಿ ಹೇಳುತ್ತ ಬಂದರು. 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡಾಗ ಅದೇ ಅಳತೆ ಎದುರು ಪಾಳೆಯದವರಿಗೂ ಅನ್ವಯಿಸಿತು. ‘ವಂಶವೃಕ್ಷ’, ‘ಪರ್ವ’ ಬರೆದವರ ಇತಿಹಾಸದೃಷ್ಟಿಯನ್ನು ಒಪ್ಪದವರಿಗೆ ಅದನ್ನು ಬರೆದು ತೋರಿಸುವ ಹಕ್ಕಿದೆ. ಅವರ ಸಾವಿನಿಂದ ನೆಮ್ಮದಿ ಪಡುವ ಹಕ್ಕಿಲ್ಲ. ಅವರನ್ನು ಮೆಚ್ಚುವವರಿಗೆ ದುಃಖಿಸುವ ಹಕ್ಕಿದೆ. ಟೀಕಿಸಿದವರನ್ನೆಲ್ಲ ದ್ರೋಹಿಗಳೆನ್ನುವ ಹಕ್ಕಿಲ್ಲ. ನಮ್ಮ ಪಾಳೆಯದ ಲೇಖಕನಿಗೆ ಕೇಳುವ ಮರ್ಯಾದೆಯನ್ನು ಎದುರು ಪಾಳೆಯದ ಲೇಖಕನಿಗೂ ಕೊಟ್ಟರೆ ಮಾತ್ರ ಅದು ರೂಢಿಯಾಗಿ ನಿಲ್ಲುತ್ತದೆ, ಇಲ್ಲವಾದರೆ ಬರಿಯ ಪಕ್ಷಪಾತ. ಲೇಖಕ ತೀರಿಕೊಂಡ ದಿನ ಹಗೆಯನ್ನು ಬಿಟ್ಟು, ಮರುದಿನದಿಂದ ಅವನ ಪುಸ್ತಕಗಳೊಡನೆ ವಾದಕ್ಕೆ ಕೂರುವ ಸಮಾಜವಷ್ಟೇ ಅವನನ್ನು ನಿಜವಾಗಿ ಓದಿದ ಸಮಾಜ.