ರಕ್ತದಾಗ ಕಾಣೂದಿಲ್ಲೇನು? ಕಾಕಾ ಕೇಳಿದ ಪ್ರಶ್ನೆಯ ಹಿಂದಿನ ಕತೆ

ಹೋದ ಮಳೆಗಾಲದಲ್ಲಿ ಖಾನಾಪುರ ಕಡೆಯ ನಮ್ಮ ಕಾಕಾನ ಕುತ್ತಿಗೆಯಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ನೋವಿರಲಿಲ್ಲ, ಅದಕ್ಕೇ ಮನೆಯವರಿಗೆ ಹೆದರಿಕೆ ಜಾಸ್ತಿ. ಬೆಳಗಿನ ಬಸ್ಸಿಗೆ ಬೆಳಗಾವಿಗೆ ಕರೆದುಕೊಂಡು ಬಂದೆವು. ಸದಾಶಿವನಗರದ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟಾಯಿತು. ಆಮೇಲೆ ಡಾಕ್ಟರು ಗಡ್ಡೆಗೇ ಸೂಜಿ ಹಾಕಿ ನೋಡಬೇಕು ಅಂದರು.

ಕಾಕಾ ನನ್ನ ಕಡೆ ತಿರುಗಿ, "ತಮ್ಮಾ, ಇಷ್ಟ ರಕ್ತಾ ತಗೊಂಡಾರಲ್ಲ, ಅದರಾಗ ಕಾಣೂದಿಲ್ಲೇನು? ಮತ್ತ ಸೂಜಿ ಯಾಕ?" ಅಂದ.

ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದುತ್ತಾ ಹೋದಾಗ ತಿಳಿಯಿತು, ಈ ಪ್ರಶ್ನೆಗೆ ನೂರೈವತ್ತು ವರ್ಷಕ್ಕಿಂತ ಹೆಚ್ಚು ವಯಸ್ಸು.

1869ರಲ್ಲಿ ಆಸ್ಟ್ರೇಲಿಯಾದಲ್ಲಿ ಥಾಮಸ್ ಆಶ್‌ವರ್ತ್ ಎಂಬ ವೈದ್ಯರು ಕ್ಯಾನ್ಸರ್‌ನಿಂದ ಸತ್ತ ಒಬ್ಬ ಮನುಷ್ಯನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗಡ್ಡೆಯಲ್ಲಿದ್ದಂಥ ಕಣಗಳೇ ರಕ್ತದಲ್ಲೂ ಇದ್ದವು. ಒಂದೇ ಮೈಯಲ್ಲಿ ಹಲವು ಕಡೆ ಗಡ್ಡೆ ಏಳುವುದು ಹೇಗೆ ಎಂಬುದಕ್ಕೆ ಇದೇ ದಾರಿ ಇರಬಹುದು ಎಂದು ಬರೆದಿಟ್ಟರು. ಆದರೆ ಬದುಕಿರುವ ರೋಗಿಯ ರಕ್ತದಲ್ಲಿ ಅಂಥ ಕಣ ಹಿಡಿಯುವ ಉಪಾಯ ಆಗ ಯಾರ ಬಳಿಯೂ ಇರಲಿಲ್ಲ.

ರಕ್ತದಲ್ಲಿ ಹುಡುಕುವ ಕೆಲಸ ಮಲೇರಿಯಾದಲ್ಲಿ ಗೆದ್ದಿತು. 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೈನ್ಯದ ವೈದ್ಯ ಲಾವೆರಾನ್ ಜ್ವರ ಬಂದವರ ರಕ್ತದಲ್ಲಿ ಪರಾವಲಂಬಿ ಜೀವಿಯನ್ನು ಕಂಡರು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅದನ್ನೇ ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು. ಅದಕ್ಕೂ ಮೊದಲು, 1895ರಲ್ಲಿ, ಇದೇ ರಾಸ್ ಅವರನ್ನು ಸರ್ಕಾರ ಕಾಲರಾ ನೋಡಿಕೊಳ್ಳಲು ಬೆಂಗಳೂರಿಗೆ ಕಳಿಸಿತ್ತು.

ನಮ್ಮ ಭಾಗದ ಕತೆ ಇಲ್ಲಿಂದ ಸೇರಿಕೊಳ್ಳುತ್ತದೆ. 1946ರ ಹೊತ್ತಿಗೆ ಮುಂಬೈ ಪ್ರಾಂತ್ಯದ ಸರ್ಕಾರ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಗೆ ಡಿಡಿಟಿ ಹೊಡೆಸಿತು. ಮುಂದಾಳು ಡಾ. ಡಿ.ಕೆ. ವಿಶ್ವನಾಥನ್. ಅಂದರೆ ನಮ್ಮ ಖಾನಾಪುರದ ಗಡಿಗೆ ಹತ್ತಿದ ಊರುಗಳು. ಮುಂದೆ 1953ರಲ್ಲಿ ಇಡೀ ದೇಶಕ್ಕೆ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು, 1958ರಲ್ಲಿ ಅದೇ ನಿರ್ಮೂಲನ ಕಾರ್ಯಕ್ರಮವಾಯಿತು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ: ಮಲೇರಿಯಾ ವರ್ಕರ್ ಬಂದು ಬೆರಳು ಚುಚ್ಚಿ, ಗಾಜಿನ ಪಟ್ಟಿಗೆ ರಕ್ತ ಹಚ್ಚಿಕೊಂಡು, ಗೋಡೆ ಮೇಲೆ ತಾರೀಖು ಬರೆದು ಹೋಗುತ್ತಿದ್ದುದು ಅವರಿಗೆ ನೆನಪಿರುತ್ತದೆ. ಆ ಗಾಜಿನ ಪಟ್ಟಿ ದೂರದ ಲ್ಯಾಬಿಗೆ ಹೋಗುತ್ತಿತ್ತು. ಅಲ್ಲೊಬ್ಬರು ಕಣ್ಣು ಕೆಂಪಗಾಗುವ ತನಕ ಒಂದೊಂದೇ ಪಟ್ಟಿ ನೋಡುತ್ತ ಕೂರುತ್ತಿದ್ದರು. ಈ ಜನರ ಹೆಸರು ಯಾವ ಪುಸ್ತಕದಲ್ಲೂ ದಪ್ಪ ಅಕ್ಷರದಲ್ಲಿಲ್ಲ. ಇರಬೇಕಿತ್ತು ಅಂತ ನನಗನಿಸುತ್ತದೆ.

ಮಲೇರಿಯಾ ಹಿಡಿದ ಕಣ ಒಂದು ಹನಿಯಲ್ಲೇ ಎಷ್ಟೋ ಸಿಗುತ್ತವೆ. ಕ್ಯಾನ್ಸರ್ ಕಣದ ಲೆಕ್ಕವೇ ಬೇರೆ. ಒಂದು ಮಿಲಿ ಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣ ಇರುತ್ತವೆ. 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆಲ್‌ಸರ್ಚ್ ಎಂಬ ಪರೀಕ್ಷೆ ಏಳೂವರೆ ಮಿಲಿ ಲೀಟರ್ ರಕ್ತ ತೆಗೆದುಕೊಳ್ಳುತ್ತದೆ. ಬೇರೆ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಅಷ್ಟು ರಕ್ತಕ್ಕೆ ಐದು ಅಥವಾ ಹೆಚ್ಚು ಕ್ಯಾನ್ಸರ್ ಕಣ ಸಿಕ್ಕರೆ ಕಾಯಿಲೆ ಜೋರಾಗಿದೆ ಎಂದು ಲೆಕ್ಕ. ಜಗತ್ತಿನ ಜನಸಂಖ್ಯೆ 800 ಕೋಟಿ. ಅದರ ನಾಲ್ಕು ಪಟ್ಟಿಗಿಂತ ದೊಡ್ಡ ಜಾತ್ರೆಯಲ್ಲಿ ಐದು ಮಂದಿಯನ್ನು ಹುಡುಕಿದ ಹಾಗೆ.

ಸೆಲ್‌ಸರ್ಚ್ ಬಳಸಿದ್ದು ಅಯಸ್ಕಾಂತ. ಕ್ಯಾನ್ಸರ್ ಕಣಕ್ಕೆ ಅಂಟುವ ಪ್ರತಿಕಾಯವನ್ನು ಕಬ್ಬಿಣದ ಸಣ್ಣ ಪುಡಿಗೆ ಹಚ್ಚಿ, ಆಮೇಲೆ ಎಳೆದುಕೊಳ್ಳುವುದು.

ಇನ್ನೊಂದು ದಾರಿ ಚಿಪ್. 1990ರ ದಶಕದಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಮತ್ತು ಸಂಗಡಿಗರು ಪಾರದರ್ಶಕ ಸಿಲಿಕೋನ್ ರಬ್ಬರನ್ನು ಅಚ್ಚಿಗೆ ಹುಯ್ದು ಕೂದಲೆಳೆಯಷ್ಟು ಸಣ್ಣ ಕಾಲುವೆ ಮಾಡುವ ಅಗ್ಗದ ವಿಧಾನ ರೂಢಿಗೆ ತಂದರು. ಅಷ್ಟು ಕಿರಿದಾದ ಕಾಲುವೆಯಲ್ಲಿ ನೀರು ಸುಳಿ ಏಳುವುದಿಲ್ಲ, ಪದರ ಪದರವಾಗಿ ಹರಿಯುತ್ತದೆ. ಹಾಗಾಗಿ ಯಾವ ಕಣ ಎಲ್ಲಿ ಹೋಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು. ಕ್ಯಾನ್ಸರ್ ಕಣ ಸಾಮಾನ್ಯವಾಗಿ ದೊಡ್ಡದು, ಕೆಂಪು ಕಣ ಸಣ್ಣದು. ಅಕ್ಕಿ ಜರಡಿ ಹಿಡಿದ ಹಾಗೆ ಬೇರೆ ಮಾಡಬಹುದಲ್ಲ ಅನ್ನಿಸುತ್ತದೆ. ತೊಡಕು ಬಿಳಿ ಕಣದ್ದು. ಕೆಲವು ಬಿಳಿ ಕಣ ಕ್ಯಾನ್ಸರ್ ಕಣದಷ್ಟೇ ದೊಡ್ಡವಿರುತ್ತವೆ, ಜರಡಿಯಲ್ಲಿ ಜೊತೆಗೇ ಉಳಿಯುತ್ತವೆ.

2007ರಲ್ಲಿ ಬಾಸ್ಟನ್‌ನ ಮೆಹ್ಮೆತ್ ಟೋನರ್ ಅವರ ತಂಡ ಒಂದು ಚಿಪ್ ಪ್ರಕಟಿಸಿತು. ಪ್ರಬಂಧದಲ್ಲಿ ಮೊದಲ ಹೆಸರು ಸುನೀತಾ ನಾಗ್ರತ್. ಆ ಚಿಪ್ಪಿನೊಳಗೆ 78,000 ಸಣ್ಣ ಕಂಬಗಳು, ಕಂಬಕ್ಕೆಲ್ಲ ಪ್ರತಿಕಾಯದ ಅಂಟು. ರಕ್ತ ಕಂಬಗಳ ನಡುವೆ ನಿಧಾನಕ್ಕೆ ಹರಿಯುವಾಗ ಕ್ಯಾನ್ಸರ್ ಕಣ ಅಂಟಿಕೊಂಡು ನಿಲ್ಲುತ್ತದೆ. 116 ಮಾದರಿಗಳಲ್ಲಿ 115ರಲ್ಲಿ ಕಣ ಸಿಕ್ಕವು. ಜಗತ್ತಿನ ಪತ್ರಿಕೆಗಳು ಇದನ್ನು ಎತ್ತಿ ಬರೆದವು.

ಆಮೇಲಿನ ವರ್ಷಗಳು ಅಷ್ಟು ಸಲೀಸಾಗಿರಲಿಲ್ಲ. ಕೆಲವು ಕ್ಯಾನ್ಸರ್ ಕಣಗಳು ಮೈಮೇಲಿನ ಗುರುತನ್ನೇ ಕಳಚಿಕೊಳ್ಳುತ್ತವೆ, ಅಂಟಿಗೆ ಸಿಗುವುದಿಲ್ಲ. ಇನ್ನು ಕಣ ಎಣಿಸಿ ಏನು ಮಾಡುವುದು ಎಂಬ ಪ್ರಶ್ನೆ. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಕಣ ಕಡಿಮೆಯಾಗದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಬೇಗನೆ ಕೀಮೋ ಔಷಧಿ ಬದಲಿಸಿ ನೋಡಿದರು. ಅದರಿಂದ ಅವರ ಆಯುಷ್ಯ ಹೆಚ್ಚಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, "ಒಂದು ಹನಿ ರಕ್ತ, ಎಲ್ಲ ಕ್ಯಾನ್ಸರ್ ಪತ್ತೆ" ಎಂಬ ವಾಟ್ಸಾಪ್ ಮೆಸೇಜು ನಿಮಗೂ ಬಂದಿರುತ್ತದೆ. ನಿಪ್ಪಾಣಿಯ ತಂಬಾಕು ಬೆಳೆಯುವ ಜಿಲ್ಲೆ ನಮ್ಮದು. ಬಾಯಿಯಲ್ಲಿ ಎರಡು ಮೂರು ವಾರಕ್ಕೂ ಮಾಯದ ಹುಣ್ಣು ಇದೆಯಾ ಎಂದು ನೋಡಲು ಯಾವ ಚಿಪ್ಪೂ ಬೇಡ, ಒಂದು ಬ್ಯಾಟರಿ ಸಾಕು. ಹುಣ್ಣು ಕಂಡರೆ ಡಾಕ್ಟರಿಗೆ ತೋರಿಸಿ.

ಚಿಪ್ ಮಾತ್ರ ಸುಮ್ಮನೆ ಕೂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾಯಿ ಶಿವ ಗೋರ್ತಿ ಅವರ ತಂಡ ರಕ್ತದ ಕಣಗಳನ್ನು ಇಂಥ ಸಣ್ಣ ಕಾಲುವೆಯಲ್ಲಿ ಹರಿಸಿ, ಹರಿಯುವಾಗಲೇ ಫೋಟೋ ತೆಗೆದು, ಮಲೇರಿಯಾ ಗುರುತಿಸುವ ಉಪಕರಣದ ಮೇಲೆ ಕೆಲಸ ಮಾಡಿದೆ. ಗಾಜಿನ ಪಟ್ಟಿ ಹಿಡಿದು ಕೂತ ಆ ಹಳೆಯ ಮನುಷ್ಯನ ಕೆಲಸವನ್ನೇ ಯಂತ್ರಕ್ಕೆ ಕಲಿಸುವ ಪ್ರಯತ್ನ ಅದು.

ಕಾಕಾನ ರಿಪೋರ್ಟು ವಾರದೊಳಗೆ ಬಂತು. ಕ್ಯಾನ್ಸರ್ ಇರಲಿಲ್ಲ, ಗಂಟಿನ ಟಿಬಿ. ಕ್ಯಾನ್ಸರ್ ಕಣ ಹಿಡಿಯುವ ಎಷ್ಟೇ ದೊಡ್ಡ ಚಿಪ್ ತಂದಿದ್ದರೂ ಅದು ಟಿಬಿ ಎಂದು ಹೇಳುತ್ತಿರಲಿಲ್ಲ. ಹೇಳಿದ್ದು ಸೂಜಿಯೇ. ಸರ್ಕಾರಿ ದವಾಖಾನೆಯಿಂದ ಆರು ತಿಂಗಳ ಗುಳಿಗೆ ಪುಕ್ಕಟೆ ಕೊಟ್ಟರು. ಕಾಕಾ ಗುಳಿಗೆ ನುಂಗಿದ ದಿನವೆಲ್ಲ ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತಿದ್ದ. "ಆ ರಕ್ತದ ಚಿಪ್ಪು ನಮ್ಮ ಖಾನಾಪುರಕ್ಕ ಯಾವಾಗ ಬರ್ತದ?" ಅಂತ ಈಗಲೂ ಫೋನಿನಲ್ಲಿ ಕೇಳುತ್ತಾನೆ.